ಮೋಳೆಯ ಕಡೆಯ ಉಪ್ಪು

ನನಗೊಂದು ಕೆಟ್ಟ ಚಾಳಿಯಿದೆ. ಹೊಸ ಜಾಗಕ್ಕೆ ಹೋದರೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತೇನೆ. ಬಸುರಿಯಾಗಿದ್ದಾಗ ಯಾರಾದರೂ ನೋಡಿದರೆ, ಪಾಪ, ಬಯಕೆ ಅಂತ ನಕ್ಕು ಸುಮ್ಮನಾಗುತ್ತಿದ್ದರು. ಈಗ ಮಗಳಿಗೆ ನಾಲ್ಕು ವರ್ಷ. ಆ ನೆಪವೂ ಹೋಯಿತು.

ಹೋದ ತಿಂಗಳು ನಂಜನಗೂಡಿನ ಹೊರಗೆ ಒಂದು ಸೈಟು ನೋಡಲು ಹೋಗಿದ್ದೆವು. ನನ್ನ ಯಜಮಾನರು ಬ್ರೋಕರಿನ ಜೊತೆ ರಸ್ತೆಯ ಅಗಲ, ನೀರಿನ ಪೈಪು ಅಂತ ಬಹಳ ತಿಳಿದವರ ಹಾಗೆ ಮಾತಾಡುತ್ತಿದ್ದರು. ನಾನು ಮೂಲೆಯ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಬೆರಳು ಬಾಯಿಗೆ ಹೋಯಿತು.

"ಮೇಡಂ, ಏನ್ ಮಾಡ್ತಾ ಇದೀರಿ?" ಅಂದ ಬ್ರೋಕರು.

"ಈ ಮೂಲೇಲಿ ಸೌಳು ಇದೆ, ಉಪ್ಪುಮಣ್ಣು" ಅಂದೆ.

ಅವನು ನನ್ನನ್ನು ಬಿಟ್ಟು ನೇರ ಯಜಮಾನರ ಕಡೆ ತಿರುಗಿದ. "ಸಾ, ಇಪ್ಪತ್ತು ವರ್ಷದಿಂದ ಸೈಟ್ ತೋರಿಸ್ತಾ ಇದೀನಿ. ವಾಸ್ತು ನೋಡಿದೋರನ್ನ ಕಂಡಿದೀನಿ, ದಿಕ್ಸೂಚಿ ತಂದೋರನ್ನ ಕಂಡಿದೀನಿ. ತಿಂದು ನೋಡಿದೋರನ್ನ ಇವತ್ತೇ ಕಂಡಿದ್ದು ಕಣ್ರೀ."

ಸ್ಕೂಟರಿನ ಮೇಲೆ ವಾಪಸ್ಸು ಬರುವಾಗ ಯಜಮಾನರು ಎದುರುಗಾಳಿಗೆ ಕೂಗಿ ಹೇಳಿದರು: "ಇನ್ನೊಂದು ಸಲ ನಾಲ್ಕು ಜನದ ಮುಂದೆ ಮಣ್ಣು ನೆಕ್ಕಿದ್ರೆ, ಈಕೆ ಯಾರೋ ನನಗೆ ಗೊತ್ತಿಲ್ಲ ಅಂದ್ಬಿಡ್ತೀನಿ!"

ಅನ್ನಲಿ ಬಿಡಿ. ತಪ್ಪು ನನ್ನದಲ್ಲ. ನನ್ನ ನಾಲಿಗೆಯನ್ನು ಹೀಗೆ ಪಳಗಿಸಿದವಳು ನನ್ನ ಅಜ್ಜಿ ದೊಡ್ಡತಾಯಮ್ಮ. ನನ್ನ ತಂದೆಯ ತಾಯಿ. ನಮ್ಮ ಮೋಳೆಯಲ್ಲಿ ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಕಡೆಯ ಹೆಂಗಸು.

ಮೋಳೆ ಅಂದರೆ ನಮ್ಮ ಕಡೆ ಉಪ್ಪಾರರ ಊರು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ, ಕಪಿಲೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತ ಜೊತೆಗೇ ಬರುತ್ತಾಳಲ್ಲ, ಅಲ್ಲಿ ಒಂದು ಕಡೆ ಹೊಳೆಯ ದಂಡೆಯಲ್ಲಿ ಬೂದುಬಣ್ಣದ ಒಂದು ದಿಬ್ಬ ಕಾಣುತ್ತಿತ್ತು. ಅದೇ ನಮ್ಮೂರು. ಬೇರೆ ಊರಿನ ಗುಡ್ಡಗಳನ್ನು ದೇವರು ಮಾಡಿದ. ನಮ್ಮದನ್ನು ಮಾಡಿದವರು ನಮ್ಮವರೇ. ಬೇಸಿಗೆಯಲ್ಲಿ ತಗ್ಗಿನ ಬಯಲಿನ ಮೇಲೆ ಬೆಳ್ಳಗೆ ಹಿಟ್ಟು ಉದುರಿಸಿದ ಹಾಗೆ ಸೌಳು ಏಳುತ್ತದೆ. ಅದನ್ನು ಬೆಳಗಿನ ತಂಪಿನಲ್ಲಿ ಕೆರೆದು, ಬುಟ್ಟಿಯಲ್ಲಿ ಹೊತ್ತು ತಂದು, ತಳದಲ್ಲಿ ಹುಲ್ಲು ಹಾಸಿದ ಗುಂಡಿಗೆ ತುಂಬಿ, ನೀರು ಹೊಯ್ಯುವುದು. ಉಪ್ಪೆಲ್ಲ ನೀರಿಗೆ ಇಳಿದು, ಆ ನೀರು ಹುಲ್ಲಿನಲ್ಲಿ ಸೋಸಿ ಕೆಳಗಿನ ಮಡಕೆಗೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ಅದನ್ನು ಗಾರೆ ಬಳಿದ ಅಗಲವಾದ ಪಾತಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಮೂರು ನಾಲ್ಕು ದಿನಕ್ಕೆ ಉಪ್ಪು. ಸಪ್ಪೆಯಾದ ಮಣ್ಣನ್ನು ಪಕ್ಕಕ್ಕೆ ಚೆಲ್ಲುವುದು. ಹೀಗೆ ಚೆಲ್ಲಿ ಚೆಲ್ಲಿ, ಎಷ್ಟು ತಲೆಮಾರೋ, ಆ ದಿಬ್ಬ ಎದ್ದಿತ್ತು. ಅದರ ನೆತ್ತಿಯ ಮೇಲೆ ಅಜ್ಜಿಯ ಅಪ್ಪ ಕಟ್ಟಿದ ಆರು ಪಾತಿಗಳಿದ್ದವು. ಅಜ್ಜಿ ಹುಟ್ಟಿದ್ದೂ ಆ ಊರಲ್ಲೇ, ಮದುವೆಯಾಗಿದ್ದೂ ಅಲ್ಲೇ, ಸೋದರಮಾವನನ್ನು.

ನಾನು ಹುಟ್ಟುವಷ್ಟರಲ್ಲಿ ಆ ಕಸುಬು ಮುಗಿದೇ ಹೋಗಿತ್ತು. ಸಮುದ್ರದ ಬಿಳಿ ಉಪ್ಪು ಮೂಟೆಮೂಟೆಯಾಗಿ ಅಂಗಡಿಗೆ ಬರುತ್ತಿದ್ದಾಗ ನಮ್ಮ ಮಣ್ಣುಬಣ್ಣದ ಉಪ್ಪನ್ನು ಕೇಳುವವರು ಯಾರು? ಮೋಳೆಯವರು ಗಾರೆ ಕೆಲಸಕ್ಕೋ, ಕಾಲುವೆ ಕೆಲಸಕ್ಕೋ ಹೋಗುತ್ತಿದ್ದರು. ಅಜ್ಜಿ ಮಾತ್ರ ಬೇಸಿಗೆ ಬಂದರೆ ಸೀರೆ ಎತ್ತಿ ಕಟ್ಟಿಕೊಂಡು ದಿಬ್ಬ ಹತ್ತುತ್ತಿದ್ದಳು. ಹೆಮ್ಮಿಗೆ ಕಡೆಯಿಂದ ಕೆಲವು ರೈತರು, ದನಕ್ಕೆ ಈ ಉಪ್ಪೇ ಆಗಬೇಕು ಅಂತ ಹುಡುಕಿಕೊಂಡು ಬರುತ್ತಿದ್ದರು. ಮಿಕ್ಕಿದ್ದು ನಮ್ಮ ಅಡುಗೆಗೆ.

ನೀರು ಹದವಾಯಿತೋ ಇಲ್ಲವೋ ನೋಡಲು ಅದರಲ್ಲಿ ಕೋಳಿಮೊಟ್ಟೆ ಬಿಡುವ ಪದ್ಧತಿಯಿತ್ತು. ತೇಲಿದರೆ ಹದ. ಅಜ್ಜಿಗೆ ಮೊಟ್ಟೆ ಬೇಕಿರಲಿಲ್ಲ, ನಾಲಿಗೆ ಸಾಕಿತ್ತು. ಆದರೂ ಮನೆಯಿಂದ ಮೊಟ್ಟೆ ಕೇಳಿ ತರಿಸುತ್ತಿದ್ದಳು. ಅದನ್ನು ಕೆಂಡದಲ್ಲಿ ಸುಟ್ಟು ನಾವಿಬ್ಬರೂ ತಿನ್ನುತ್ತಿದ್ದೆವು. ನನ್ನ ಅವ್ವ ಬಹಳ ಕಾಲ, ಉಪ್ಪು ಮಾಡಲು ದಿನಕ್ಕೆ ಎರಡು ಮೊಟ್ಟೆ ಬೇಕೇ ಬೇಕು ಅಂತಲೇ ನಂಬಿದ್ದಳು.

ಮಧ್ಯಾಹ್ನ ಪಾತಿಯ ಪಕ್ಕದ ಹೊಂಗೆಮರದ ನೆರಳಲ್ಲಿ ಮಲಗಿದರೆ ಕೆಳಗೆ ಕಪಿಲೆ ಹರಿದಳೋ ನಿಂತಳೋ ತಿಳಿಯುತ್ತಿರಲಿಲ್ಲ. ಪಾತಿಯ ನೀರಿನ ಮೇಲೆ ಮೊದಲು ತೆಳ್ಳಗೆ ಕೆನೆಯಂಥದ್ದು ಕಟ್ಟುತ್ತಿತ್ತು. ಗಾಳಿ ಬೀಸಿದರೆ ಅದು ಸುಕ್ಕಾಗಿ, ಒಡೆದು, ಸಣ್ಣ ಸಣ್ಣ ಚೌಕಗಳಾಗಿ ಮುಳುಗುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ನಿದ್ದೆ ಬರುತ್ತಿತ್ತು. ಎದ್ದಾಗ ತುಟಿ ಉಪ್ಪು, ಕಣ್ಣರೆಪ್ಪೆ ಉಪ್ಪು. ಈಗಲೂ ಜ್ವರ ಬಂದರೆ ನನಗೆ ಅದೇ ನೆರಳು ಕನಸಿಗೆ ಬರುತ್ತದೆ.

ಇದೆಲ್ಲ ಊರೊಳಗಿನ ಸುಖ. ಶಾಲೆಯ ಕತೆ ಬೇರೆ. ಎರಡು ಮೈಲಿ ಆಚೆಯ ದೊಡ್ಡ ಊರಿನ ಶಾಲೆಗೆ ನಾನು ಹೋಗುತ್ತಿದ್ದೆ. ಅಲ್ಲಿ ನನ್ನ ಹೆಸರು ಮಹದೇವಿ ಅಂತ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ನಾನು ಉಪ್ಪಿನ್ಮೂಟೆ. ನಾನು ಸ್ವಲ್ಪ ದಪ್ಪಗೂ ಇದ್ದೆ, ಹಾಗಾಗಿ ಹೆಸರಿಟ್ಟವರನ್ನು ಪೂರ್ತಿ ದೂರುವ ಹಾಗೂ ಇರಲಿಲ್ಲ.

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಮೇಷ್ಟರು, ನಾಳೆ ಎಲ್ಲರೂ ಮನೆಯಿಂದ ಒಂದು ಚಿಟಿಕೆ ಉಪ್ಪು ತನ್ನಿ ಅಂದರು. ಮಾರನೆಯ ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದರು. ತೆಳ್ಳಗೆ, ಎತ್ತರಕ್ಕೆ, ನೀಲಿ ಅಂಚಿನ ಬಿಳಿ ಸೀರೆ. ಮೇಜಿನ ಮೇಲೆ ನಮ್ಮ ಪೊಟ್ಟಣಗಳನ್ನೆಲ್ಲ ಸಾಲಾಗಿ ಬಿಚ್ಚಿಟ್ಟು, ಒಂದು ಪುಟ್ಟ ಸೀಸೆಯಿಂದ ಒಂದೊಂದಕ್ಕೂ ಒಂದೊಂದು ತೊಟ್ಟು ಬಿಟ್ಟರು. ಏನು ಸೋಜಿಗ! ಬಿಳಿ ಉಪ್ಪು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು. ಕೆಲವು ಕಡುನೇರಳೆ, ಕೆಲವು ತಿಳಿನೇರಳೆ. ಪ್ರತಿ ತೊಟ್ಟಿಗೂ ಹುಡುಗರು ಹೋ ಅನ್ನುತ್ತಿದ್ದರು.

ಕಡೆಯ ಪೊಟ್ಟಣ ನನ್ನದು. ಬೂದುಬಣ್ಣದ ಉಪ್ಪು. ತೊಟ್ಟು ಬಿತ್ತು. ಏನೂ ಆಗಲಿಲ್ಲ. ಇನ್ನೊಂದು ತೊಟ್ಟು. ಮಣ್ಣು ಒದ್ದೆಯಾದ ಹಾಗೆ ಒದ್ದೆಯಾಯಿತು, ಅಷ್ಟೆ.

"ಇದು ಯಾರದು?" ಅಂದರು ನರ್ಸಮ್ಮ. "ಇದನ್ನ ಮನೇಲಿ ತಿಂತೀರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಗಟ್ಟಿಯಾಗಿ, "ನಂದಲ್ಲ ಮಿಸ್. ನಮ್ಮ ಮನೇದಲ್ಲ" ಅಂದೆ.

ಪೊಟ್ಟಣ ಕಟ್ಟಿದ್ದು ನನ್ನ ಕಾಪಿಪುಸ್ತಕದ ಹಾಳೆಯಲ್ಲಿ. ಮೇಲೆ ದುಂಡಗೆ, ಅಲಂಕಾರವಾಗಿ, ನನ್ನ ಹೆಸರಿತ್ತು. ನರ್ಸಮ್ಮ ಅದನ್ನು ಓದಿದರು. ನನ್ನ ಮುಖ ನೋಡಿದರು. ಹಾಳೆಯನ್ನು ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅವರು ಬೈದಿದ್ದರೆ ನಾನು ಇಷ್ಟು ದಿನ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಮನೆಗೆ ಬಂದು ಅಜ್ಜಿಗೆ, ನಿನ್ನ ಉಪ್ಪು ಉಪ್ಪೇ ಅಲ್ಲವಂತೆ ಅಂತ ಅರ್ಧ ಕತೆ ಹೇಳಿದೆ. ನಾನು ಏನಂದೆ ಅನ್ನುವ ಭಾಗವನ್ನು ಬಿಟ್ಟುಬಿಟ್ಟೆ. ಮಾರನೆಯ ದಿನ ಅಜ್ಜಿ ಸೆರಗಿನ ತುದಿಯಲ್ಲಿ ಉಪ್ಪು ಗಂಟು ಹಾಕಿಕೊಂಡು, ನನ್ನ ಕೈ ಹಿಡಿದು, ನೇರ ಆರೋಗ್ಯ ಕೇಂದ್ರಕ್ಕೆ ಹೋದಳು. ಜಗಳ ಆಗುತ್ತದೆ ಅಂತ ನನಗೆ ಒಳಗೊಳಗೇ ಖುಷಿ.

"ನರ್ಸಮ್ಮಾ, ನಮ್ಮುಪ್ಪು ಬಣ್ಣ ಬುಡ್ನಿಲ್ವಂತೆ. ನನ್ ಕಣ್ಣೆದ್ರುಗೆ ಬುಡಿ, ನೋಡ್ತೀನಿ."

ನರ್ಸಮ್ಮ ಬೇಸರಿಸಲಿಲ್ಲ. ಅಜ್ಜಿಗೆ ಕುರ್ಚಿ ಕೊಟ್ಟು, ಒಂದು ತಟ್ಟೆಯಲ್ಲಿ ಅಂಗಡಿ ಉಪ್ಪು, ಇನ್ನೊಂದರಲ್ಲಿ ನಮ್ಮುಪ್ಪು ಇಟ್ಟು ತೊಟ್ಟು ಬಿಟ್ಟರು. ಒಂದು ನೇರಳೆಯಾಯಿತು. ಒಂದು ಆಗಲಿಲ್ಲ.

"ಇದು ಕೆಟ್ಟದ್ದು ಅಂತಲ್ಲ ಅಜ್ಜಿ. ಇದರಲ್ಲಿ ಅಯೋಡಿನ್ ಅನ್ನೋದು ಇಲ್ಲ. ಅದಿಲ್ಲದೆ ಇದ್ರೆ ಕುತ್ತಿಗೇಲಿ ಗಡ್ಡೆ ಬರುತ್ತೆ. ಮಕ್ಕಳ ಬುದ್ಧಿ ಮಂಕಾಗುತ್ತೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಕೂಸು ಗಣಿತದಾಗೆ ಸೊನ್ನೆ ತಕ್ಕ ಬತ್ತದೆ. ಅದ್ಕೂ ಇದೇ ಕಾರಣವಾ?"

"ಅದಕ್ಕೆ ಉಪ್ಪು ಕಾರಣ ಅಲ್ಲ ಅಜ್ಜಿ" ಅಂದರು ನರ್ಸಮ್ಮ, ಬಹಳ ಗಂಭೀರವಾಗಿ. ಆಮೇಲೆ ಚೀಲದಿಂದ ನನ್ನ ಕಾಪಿಪುಸ್ತಕದ ಹಾಳೆ ತೆಗೆದು, "ಇದು ನಿಮ್ಮದೇ ಇರಬೇಕು" ಅಂತ ಅಜ್ಜಿಯ ಕೈಗೆ ಕೊಟ್ಟರು. ಹಿಂದಿನ ದಿನ ನಡೆದದ್ದನ್ನೂ ಹೇಳಿದರು.

ವಾಪಸ್ಸು ಬರುವಾಗ ಅಜ್ಜಿ ಆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ನಡೆದಳು. ಕಾಲುವೆಯ ಏರಿ ಬಂದ ಮೇಲೆ ನಿಂತಳು.

"ನಿಂದಲ್ಲ ಅಂತ ಯಾಕಂದೆ?"

"ನಾಚ್ಕೆ ಆಯ್ತು."

ಅಜ್ಜಿ ನನಗೆ ಹೊಡೆಯಲಿಲ್ಲ. "ನಮ್ಮುಪ್ಪಲ್ಲಿ ಅದೇನೋ ಇಲ್ಲ ಅಂದ್ರೆ, ಇಲ್ಲ ಅಂತ ಒಪ್ಕಬೇಕು ಕನವ್ವ. ನಮ್ದಲ್ಲ ಅನ್ಬಾರ್ದು" ಅಂದಳು. ಅಷ್ಟು ಹೇಳಿ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಉಪ್ಪು ತಂದಳು. ಅವತ್ತಿನಿಂದ ಮೋಳೆಯ ಉಪ್ಪು ದನಕ್ಕೆ ಮಾತ್ರ. ಅಡುಗೆಗೆ ಅದನ್ನು ಅವಳು ಮತ್ತೆ ಹಾಕಗೊಡಲಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ನಾನು ಹೇಳಹೊರಟದ್ದು ದಿಬ್ಬದ ಕತೆ.

ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಒಂದು ಶ್ರಾವಣದಲ್ಲಿ ಕಪಿಲೆ ಉಕ್ಕಿದಳು. ಮೇಲಿನ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ನಂಜನಗೂಡಿನ ಬಸ್ಸು ನಿಂತಿತು ಅಂತ ತಿಳಿದು, ನರಸೀಪುರದ ಕಡೆಯಿಂದ ಸುತ್ತಿ, ಕಡೆಯ ಮೂರು ಮೈಲಿ ನಡೆದು ಊರು ಸೇರಿದೆ. ಹೊಳೆಯ ಬದಿಯ ತಗ್ಗಿನಲ್ಲಿ ಏಳು ಮನೆಗಳಿದ್ದವು. ಏಳೂ ನೀರಿನಲ್ಲಿ. ಆ ಜನವೆಲ್ಲ ಕುರಿ, ಕೋಳಿ, ರಾಗಿಮೂಟೆಯ ಸಮೇತ ದಿಬ್ಬ ಹತ್ತಿ, ಅಜ್ಜಿಯ ಪಾತಿಗಳ ಮೇಲೆ ಟಾರ್ಪಾಲು ಕಟ್ಟಿಕೊಂಡಿದ್ದರು. ಆರು ದಿನ ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಅಜ್ಜಿ ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸುತ್ತಿದ್ದಳು.

ನೀರು ಇಳಿದ ಮೇಲೆ ಸರ್ಕಾರದವರು ಬಂದರು. ಊರಿನಲ್ಲಿ ಎತ್ತರದ ಖಾಲಿ ಜಾಗ ಇದೊಂದೇ, ದಿಬ್ಬದ ನೆತ್ತಿ ಕಡಿದು ಮಟ್ಟ ಮಾಡಿದರೆ ಅದರ ಮೇಲೆ ಏಳು ಮನೆಗೂ ಸೈಟು ಕೊಡಬಹುದು ಅಂದರು. ಕಾಗದದಲ್ಲಿ ಅದು ಸರ್ಕಾರದ್ದೇ ಜಾಗ. ಆದರೆ ಊರವರು, ದೊಡ್ಡತಾಯಮ್ಮ ಹೂಂ ಅನ್ನದೆ ನಾವು ಅದರ ಮೇಲೆ ಗುದ್ದಲಿ ಇಡಲ್ಲ ಅಂದರು.

ಅಜ್ಜಿ ಹೂಂ ಅನ್ನಲಿಲ್ಲ.

"ಆಗಾಕಿಲ್ಲ ಬುದ್ಧಿ. ನಮ್ಮಪ್ಪ, ಅವರಪ್ಪ, ಅವರಪ್ಪ ತಲೆ ಮ್ಯಾಲೆ ವೊತ್ತು ಆಕಿದ ಮಣ್ಣು ಇದು. ಇದನ್ನ ಕಿತ್ರೆ ನಾವು ಇಲ್ಲಿದ್ವಿ ಅನ್ನಕೆ ಏನದೆ?"

ನನ್ನ ಅಪ್ಪ ಹೇಳಿ ಸೋತರು. ನಾನಂತೂ, ಓದಿದವಳೆಂಬ ಜಂಬದಲ್ಲಿ, ಅಜ್ಜಿಯ ಪರವಾಗಿ ಅರ್ಧ ಗಂಟೆ ಭಾಷಣ ಮಾಡಿದೆ. ಇದು ನಮ್ಮ ಚರಿತ್ರೆ, ಇದನ್ನು ಉಳಿಸಬೇಕು, ಇತ್ಯಾದಿ. ಆ ಭಾಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾಕೆಂದರೆ ಎದುರಿಗೆ ಕೆಂಪಮ್ಮ ಕೂತಿದ್ದಳು.

ಕೆಂಪಮ್ಮ ಆ ಏಳು ಮನೆಗಳಲ್ಲೊಂದರವಳು. ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು, ಹೊಳೆದಂಡೆಯಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದಳು. ಅವಳು ಅಜ್ಜಿಯನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಭಾಷಣ ಮುಗಿಯುವವರೆಗೆ ತಲೆತಗ್ಗಿಸಿ ಕೂತಿದ್ದು, ಎದ್ದು, ಕೆಳಗಿಳಿದು, ತನ್ನ ಮನೆಯ ಕೆಸರನ್ನು ಬುಟ್ಟಿಗೆ ತುಂಬಿ ಹೊರಗೆ ಹಾಕತೊಡಗಿದಳು.

ಮೂರು ದಿನ ಅಜ್ಜಿ ದಿಬ್ಬದ ಮೇಲೆ ಕೂತು ಅದನ್ನೇ ನೋಡಿದಳು. ಬುಟ್ಟಿ ಹೊರಗೆ, ಬುಟ್ಟಿ ಒಳಗೆ. ನಾಲ್ಕನೆಯ ದಿನ ಕೋಲೂರಿಕೊಂಡು ಇಳಿದಳು. ನಾನೂ ಹಿಂದೆ ಹೋದೆ. ಆ ಮನೆಯೊಳಗೆ ಬೆಳಕು ಕಡಿಮೆ, ಕೊಳೆತ ಹುಲ್ಲಿನ ವಾಸನೆ. ಗೋಡೆಯ ಮೇಲೆ ನೀರು ನಿಂತ ಗುರುತು ಅಜ್ಜಿಯ ತಲೆಗಿಂತ ಮೇಲಿತ್ತು. ಅವಳು ಕೈಯೆತ್ತಿ ಅದನ್ನು ಮುಟ್ಟಿದಳು.

"ಇಲ್ಲೀಗಂಟ ಬಂದಿತ್ತಾ?"

"ಊ ಕಣವ್ವ. ಬೆಳಕರಿಯೋ ವೊತ್ನಲ್ಲಿ ಬಂತು. ಗೊತ್ತೇ ಆಗ್ನಿಲ್ಲ."

"ಕೂಸುಗಳು ಎಲ್ಲಿದ್ದೊ?"

ಕೆಂಪಮ್ಮ ಅಜ್ಜಿಯ ಕಾಲ ಹತ್ತಿರದ ನೆಲ ತೋರಿಸಿದಳು. "ಅಲ್ಲೇ ಮಲಗಿದ್ದೊ. ಸಣ್ಣದು ಏಳ್ನೇ ಇಲ್ಲ. ಚಾಪೆ ತೇಲ್ದಾಗ ಎತ್ಕಂಡೆ."

ಅಜ್ಜಿ ಆ ನೆಲವನ್ನು ಬಹಳ ಹೊತ್ತು ನೋಡಿದಳು. ಮನೆಗೆ ಬಂದವಳೇ ಅಪ್ಪನನ್ನು ಕರೆದಳು. "ಆಪೀಸ್ನೋರ್ಗೆ ಏಳ್ಲಾ. ಬರೋ ಬ್ಯಾಸ್ಗೆ ಒಂದು ನಂಗೆ ಬುಡ್ಲಿ. ಆಮ್ಯಾಕೆ ಕಿತ್ಕಳ್ಳಿ."

ಆ ಬೇಸಿಗೆಯ ರಜಕ್ಕೆ ನಾನು ಬಂದಾಗ ಮೋಳೆಯ ಹೆಂಗಸರೆಲ್ಲ ಕೆಲಸಕ್ಕೆ ರಜ ಹಾಕಿ ಅಜ್ಜಿಯ ಹಿಂದೆ ನಿಂತಿದ್ದರು. ಅರವತ್ತರ ಮುದುಕಿಯರಿಗೆ ಬಾಲ್ಯದಲ್ಲಿ ಮಾಡಿದ್ದು ಕೈಗೇ ನೆನಪಿತ್ತು. ಸೊಸೆಯಾಗಿ ಬಂದವರಿಗೆ ಏನೂ ಗೊತ್ತಿರಲಿಲ್ಲ. ಕೆಂಪಮ್ಮ ಎಲ್ಲರಿಗಿಂತ ಮೊದಲು ಬುಟ್ಟಿ ಹಿಡಿದಳು. ಮಂಜು ಹೊಳೆಯಿಂದ ಏಳುವ ಹೊತ್ತಿಗೆ ಬಯಲಿನಲ್ಲಿ ಸಾಲಾಗಿ ಬಗ್ಗಿ ಸೌಳು ಕೆರೆಯುತ್ತಿದ್ದ ಆ ಹೆಂಗಸರು ನನ್ನ ಕಣ್ಣಿಗೆ, ಬೆಳ್ಳಗಿನ ನೀರಿನಲ್ಲಿ ನಿಂತ ಕೊಕ್ಕರೆಗಳ ಹಾಗೆ ಕಾಣುತ್ತಿದ್ದರು. ಅಜ್ಜಿ ನನಗೆ ಹತ್ತು ಜಾಗದ ಮಣ್ಣು ನೆಕ್ಕಿಸಿದಳು. ಕಹಿ ಇದ್ದರೆ ಬಿಡು, ಚುರ್ ಅಂದರೆ ಬಿಡು, ಉಪ್ಪಿನ ಹಿಂದೆ ಸಿಹಿ ಬಂದರೆ ಮಾತ್ರ ಕೆರೆ. ನನಗೆ ಮೊದಲ ದಿನ ಎಲ್ಲವೂ ಮಣ್ಣಾಗಿಯೇ ಇತ್ತು. ಐದನೆಯ ದಿನ ಒಂದು ಕಡೆ, ಇಲ್ಲೇ, ಅಂದೆ. ಅಜ್ಜಿ ನೆಕ್ಕಿ ನೋಡಿ ತಲೆಯಾಡಿಸಿದಳು. ಟ್ರೈನಿಂಗಿನಲ್ಲಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಲಿಲ್ಲ.

ಆರು ಪಾತಿಯೂ ತುಂಬಿದವು. ಮೂರನೆಯ ದಿನಕ್ಕೆ ಅಂಚಿನಲ್ಲಿ ಉಪ್ಪು ಕಟ್ಟತೊಡಗಿತ್ತು. ನಾಳೆ ಕೆರೆಯಬಹುದು ಅಂದಳು ಅಜ್ಜಿ.

ಮಧ್ಯಾಹ್ನ ಮೂರಕ್ಕೆ ತೆಂಕಣದಿಂದ ಮೋಡ ಬಂತು. ಟಾರ್ಪಾಲು ತರಲು ಓಡಿದವರು ಅರ್ಧ ದಾರಿಯಲ್ಲಿರುವಾಗಲೇ ಮಳೆ ಹೊಯ್ಯಿತು. ಇಪ್ಪತ್ತು ನಿಮಿಷ, ಅಷ್ಟೆ. ಕಟ್ಟಿದ್ದ ಉಪ್ಪೆಲ್ಲ ನಮ್ಮ ಕಣ್ಣೆದುರೇ ಕರಗಿ, ಪಾತಿಗಳು ತುಂಬಿ, ಅಂಚು ಮೀರುವ ಹಾಗೆ ನಿಂತವು. ಕೆಂಪಮ್ಮ ಅಳತೊಡಗಿದಳು, ಅದೇನೋ ತನ್ನದೇ ತಪ್ಪು ಅನ್ನುವ ಹಾಗೆ.

ಅಜ್ಜಿ ನೆನೆದ ಸೀರೆಯಲ್ಲಿ ಬಗ್ಗಿ, ಬೆರಳದ್ದಿ ಬಾಯಿಗಿಟ್ಟಳು. "ಯಾಕ್ರೇ ಅಳ್ತೀರಿ? ಉಪ್ಪು ಎಲ್ಲೂ ಓಗಿಲ್ಲ. ನೀರೊಳ್ಗೇ ಅದೆ. ಬಿಂದ್ಗೆ ತತ್ತಿ, ಎಲ್ರೂ."

ಬಿಂದಿಗೆ, ಕೊಡ, ಸ್ಟೀಲ್ ಬಕೆಟ್ಟು, ಒಬ್ಬಳು ಮಗುವಿನ ಸ್ನಾನದ ಪ್ಲಾಸ್ಟಿಕ್ ಟಬ್ಬನ್ನೂ ತಂದಳು. ಪಾತಿಯ ನೀರೆಲ್ಲ ಮನೆಮನೆಗೆ ಹೋಯಿತು. ಎಲ್ಲ ಒಲೆಗಳ ಮೇಲೂ ಹಂಡೆ, ಪಾತ್ರೆ ಏರಿದವು. ಸಂಜೆಯ ಹೊತ್ತಿಗೆ ಇಡೀ ಮೋಳೆಯ ಹೆಂಚುಗಳ ಸಂದಿಯಿಂದ ಬಿಳಿ ಆವಿ ಏಳುತ್ತಿತ್ತು. ಬೀದಿಯಲ್ಲಿ ನಡೆದರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಮಕ್ಕಳು ನಾಲಿಗೆ ಚಾಚಿಕೊಂಡು ಓಡಾಡುತ್ತಿದ್ದವು.

ಬೆಳಿಗ್ಗೆ ಅಜ್ಜಿ ಮನೆಮನೆಗೂ ಹೋಗಿ ರುಚಿ ನೋಡಿದಳು. ಯಾವ ಎರಡು ಮನೆಯ ಉಪ್ಪೂ ಒಂದೇ ಬಣ್ಣ ಇರಲಿಲ್ಲ. ಒಂದು ಬೂದಿ, ಒಂದು ಕಂದು, ಒಂದು ಸುಮಾರು ಬಿಳಿ. ಕೆಂಪಮ್ಮನದು ತಳ ಹಿಡಿದು ಕರಕಲಾಗಿತ್ತು. "ಪರ್ವಾಗಿಲ್ಲ ಬುಡು, ಇದ್ನೂ ದನ ತಿಂತವೆ" ಅಂದಳು ಅಜ್ಜಿ. ಮೊಟ್ಟೆಯ ವಿಷಯ ಬಿಟ್ಟರೆ, ನಾನು ಕಂಡಂತೆ ಅವಳು ಉಪ್ಪಿನ ವಿಚಾರದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು. ಅಷ್ಟು ಸುಟ್ಟದ್ದನ್ನು ಯಾವ ದನವೂ ಮೂಸುವುದಿಲ್ಲ.

ಹದಿನೈದು ದಿನ ಬಿಟ್ಟು ದಿಬ್ಬ ಮಟ್ಟ ಮಾಡುವವರು ಬಂದರು. ಮೊದಲು ಪಾತಿ ಒಡೆಯಬೇಕು. ಮೋಳೆಯ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಹೊರಗಿನಿಂದ ಬಂದಿದ್ದ ಕೆಲಸದವರೂ ಅವರ ಮುಖ ನೋಡಿ ಹಿಂಜರಿದರು. ಅಜ್ಜಿ ಹೋಗಿ ಹಾರೆ ಇಸಿದುಕೊಂಡಳು. ಎರಡೂ ಕೈಯಲ್ಲಿ ಎತ್ತಿ ಗಾರೆಯ ಮೇಲೆ ಹಾಕಿದಳು. ಹಾರೆ ಠಣ್ ಅಂತ ಪುಟಿದು ಬಂತು.

"ನಮ್ಮಪ್ಪ ಕಟ್ಟಿದ್ದು ಕನ್ರಲಾ!" ಅಂದಳು ಎಲ್ಲರ ಕಡೆ ತಿರುಗಿ. ಅವಳ ಮುಖದಲ್ಲಿ ಎಂಥ ಜಂಬವಿತ್ತು ಅಂತೀರಿ! ಎರಡನೆಯ ಏಟಿಗೂ ಬಿರಿಯಲಿಲ್ಲ. ಮೂರನೆಯದಕ್ಕೆ ಉದ್ದಕ್ಕೆ ಒಂದು ಗೆರೆ ಮೂಡಿತು. ಅಜ್ಜಿ ಹಾರೆಯನ್ನು ಕೆಂಪಮ್ಮನ ಕೈಗೆ ಕೊಟ್ಟಳು.

"ಇಡ್ಕೊ. ನಿನ್ ಮನೆ ಪಾಯ. ನೀನೇ ಅಗಿ."

ಏಳು ಮನೆ ಏಳಲು ಒಂದು ವರ್ಷಕ್ಕೂ ಮೇಲಾಯಿತು. ದಿಬ್ಬದ ಅರ್ಧ ಎತ್ತರವಷ್ಟೇ ಉಳಿಯಿತು, ಆದರೆ ಅಷ್ಟು ಸಾಕಿತ್ತು. ಆಮೇಲಿನ ಶ್ರಾವಣದಲ್ಲಿ ಕಪಿಲೆ ಮತ್ತೆ ಉಕ್ಕಿದಳು. ಬೆಳಕು ಹರಿಯುವ ಹೊತ್ತಿಗೆ ಊರೆಲ್ಲ ಎದ್ದು ದಂಡೆಗೆ ಬಂದಿತ್ತು. ನಾನೂ ಊರಿನಲ್ಲಿದ್ದೆ. ತಗ್ಗಿನ ಹಳೆಯ ಗೋಡೆಗಳು ಒಂದೊಂದಾಗಿ ಮುಳುಗುವುದನ್ನು ನೋಡುತ್ತ ಜನ ಕೂಗಾಡುತ್ತಿದ್ದರು, ದನಗಳು ಅರಚುತ್ತಿದ್ದವು.

ಅಜ್ಜಿ ಹೊಳೆಯ ಕಡೆ ತಿರುಗಿಯೂ ನೋಡಲಿಲ್ಲ. ಕೋಲೂರಿಕೊಂಡು ಕೆಂಪಮ್ಮನ ಹೊಸ ಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿದಳು. ನಾನು ಅವಳ ಭುಜದ ಮೇಲಿಂದ ನೋಡಿದೆ. ಚಾಪೆಯ ಮೇಲೆ ಚಿಕ್ಕ ಹುಡುಗಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಒಣಗಿದ ನೆಲ, ಪಕ್ಕದಲ್ಲಿ ಒಂದು ಚೊಂಬು.

"ಇಷ್ಟು ಗಲಾಟೇಲೂ ಎದ್ದಿಲ್ಲ ನೋಡವ್ವ, ಎಬ್ಬಿಸ್ತೀನಿ ತಡಿ" ಅಂದಳು ಕೆಂಪಮ್ಮ ಹಿಂದಿನಿಂದ.

"ಬ್ಯಾಡ" ಅಂದಳು ಅಜ್ಜಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆಯುತ್ತ. "ಮಲೀಕಳ್ಳಿ."